ಲಿಂಕನ್ನನ ಯುದ್ಧ, ನಮ್ಮೂರ ಹತ್ತಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಎಂದರೆ ಊರಲ್ಲಿ ಯಾರೂ ಬೆನ್ನು ತಟ್ಟುತ್ತಿರಲಿಲ್ಲ. ಸೈನ್ಸ್ ಸಿಗದವರಿಗೆ ಕಾಮರ್ಸ್, ಕಾಮರ್ಸ್ ಸಿಗದವರಿಗೆ ಆರ್ಟ್ಸ್, ಆರ್ಟ್ಸಿನಲ್ಲೂ ಬೇರೇನೂ ಸಿಗದವರಿಗೆ ಇತಿಹಾಸ ಎಂಬ ಶ್ರೇಣಿ ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಿತ್ತು. ನಾನು ಬೇಕೆಂದೇ ಆ ವಿಷಯ ಆರಿಸಿಕೊಂಡವನು. ನವಲಗುಂದ ಸೀಮೆಯ ಎರೆ ಹೊಲದ ಹಳ್ಳಿಯಿಂದ ಧಾರವಾಡಕ್ಕೆ ಬಂದು ಹಾಸ್ಟೆಲಿನಲ್ಲಿ ಟ್ರಂಕು ಇಳಿಸಿದಾಗ ತಲೆ ತುಂಬ ಬಾದಾಮಿ, ಐಹೊಳೆ, ಹಂಪಿ. ಆದರೆ ಕೈಗೆ ಬಂದ ಸಿಲೆಬಸ್ಸಿನಲ್ಲಿ ಬೇರೆಯೇ ಪಟ್ಟಿ ಇತ್ತು: ಇಂಗ್ಲೆಂಡಿನ ಇತಿಹಾಸ, ಅಮೆರಿಕದ ಇತಿಹಾಸ, ಅದರ ಮೇಲೆ ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದ ಇನ್ನೊಂದು ಪೇಪರು.

ರಜೆಗೆ ಊರಿಗೆ ಹೋದಾಗ ಅಪ್ಪ ಕೇಳಿದ: “ಏನ್ ಓದಾಕತ್ತೀಯಪಾ?” ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಹ್ವಾದ ಮ್ಯಾಲೂ ಅವರ ರಾಜರ ಲೆಕ್ಕಾ ನಾವ್ಯಾಕ ಇಡಬೇಕೋ?” ಅಂದ. ಅಪ್ಪನ ದನಿಯಲ್ಲಿ ಕುಹಕವಿರಲಿಲ್ಲ. ನಲವತ್ತೆರಡರ ಚಳವಳಿಯಲ್ಲಿ ಹುಡುಗನಾಗಿ ಪ್ರಭಾತಫೇರಿಗೆ ಹೋಗಿದ್ದ ಮನುಷ್ಯನಿಗೆ ಅದು ನಿಜವಾದ ಪ್ರಶ್ನೆ. ಪರೀಕ್ಷೆಗೆ ಬರುತ್ತದೆ ಅನ್ನುವುದನ್ನು ಬಿಟ್ಟರೆ ನನ್ನಲ್ಲಿ ಬೇರೆ ಉತ್ತರ ಇರಲಿಲ್ಲ.

ಪರೀಕ್ಷೆಗಂತೂ ಬರುತ್ತಿತ್ತು. ಆ ಕಾಲದಲ್ಲಿ ನಮ್ಮ ದೇಶದ ಬಹಳಷ್ಟು ಕಡೆ ಇಂಗ್ಲೆಂಡಿನ ಇತಿಹಾಸವೆಂದರೆ ಇಸವಿಗಳ ಒಂದು ಸಾಲು. 1215ರಲ್ಲಿ ರನ್ನಿಮೀಡಿನ ಹುಲ್ಲುಗಾವಲಿನಲ್ಲಿ ಜಾನ್ ದೊರೆ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಒತ್ತಿದ್ದು, 1649ರಲ್ಲಿ ಮೊದಲನೆಯ ಚಾರ್ಲ್ಸನ ತಲೆ ಹೋದದ್ದು, 1688ರ ರಕ್ತರಹಿತ ಕ್ರಾಂತಿ, 1832ರ ಸುಧಾರಣಾ ಕಾಯಿದೆ. ಕಾರಣಗಳು ಐದು, ಪರಿಣಾಮಗಳು ಆರು. ಬಿ.ಎ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಕೆಲವರು ಜಿ.ಎಂ. ಟ್ರೆವೆಲ್ಯಾನನ ಇಂಗ್ಲೆಂಡ್ ಇತಿಹಾಸವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆವು. ಒಬ್ಬ ಗಟ್ಟಿಯಾಗಿ ಓದುವುದು, ಇನ್ನೊಬ್ಬ ಅರ್ಥ ಹುಡುಕುವುದು, ಮೂರನೆಯವನು ಕನ್ನಡದಲ್ಲಿ ನೋಟ್ಸು ಬರೆಯುವುದು. ಹೀಗೆ ಒಂದು ಅಧ್ಯಾಯ ಮುಗಿಯಲು ವಾರ ಹಿಡಿಯುತ್ತಿತ್ತು. ಆದರೆ ಆ ನಿಧಾನದಲ್ಲಿ ಒಂದು ಲಾಭವಿತ್ತು. ಗೈಡು ಓದಿದವರಿಗೆ ಕಾಣದ ಮನುಷ್ಯರು ನಮಗೆ ಕಂಡರು. ರಾಜನನ್ನೇ ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡಿ ಶಿರಚ್ಛೇದ ಮಾಡಿದ ಜನ, ಹನ್ನೊಂದೇ ವರ್ಷಕ್ಕೆ ಅವನ ಮಗನನ್ನು ಕರೆತಂದು ಪಟ್ಟ ಕಟ್ಟಿದರು. ಆಮೇಲೆ ರಾಜನ ವಿರುದ್ಧ ದಂಡು ನಡೆಸಿ, ಸತ್ತು ಹೂತುಹೋಗಿದ್ದ ಕ್ರಾಮ್‌ವೆಲ್ಲನ ಹೆಣವನ್ನು ಅಗೆದು ತೆಗೆದು ಗಲ್ಲಿಗೇರಿಸಿದರು. ರಾಜಭಕ್ತಿ, ರಾಜದ್ರೋಹ ಎರಡೂ ಒಂದೇ ಊರಿನ ಸರಕು ಎಂದು ಆಗ ಗೊತ್ತಾಯಿತು.

ಲೈಬ್ರರಿಯಲ್ಲಿ ಇನ್ನೊಂದು ದಪ್ಪ ಪುಸ್ತಕ ಸಿಕ್ಕಿತು: ಇ.ಪಿ. ಥಾಮ್ಸನ್ 1963ರಲ್ಲಿ ಪ್ರಕಟಿಸಿದ, ಇಂಗ್ಲೆಂಡಿನ ಕಾರ್ಮಿಕ ವರ್ಗ ರೂಪುಗೊಂಡ ಬಗೆಯ ಪುಸ್ತಕ. ಸಿಲೆಬಸ್ಸಿನಲ್ಲಿ ಕೈಗಾರಿಕಾ ಕ್ರಾಂತಿಯೆಂದರೆ ಯಂತ್ರಗಳ ಹೆಸರು, ಅವನ್ನು ಕಂಡುಹಿಡಿದವರ ಹೆಸರು. ಥಾಮ್ಸನ್ನನಲ್ಲಿ ಆ ಯಂತ್ರದಿಂದ ಅನ್ನ ಕಳಕೊಂಡವರು ಇದ್ದರು. ಲ್ಯಾಂಕಾಶೈರಿನ ಕೈಮಗ್ಗದ ನೇಕಾರರು ಪವರ್‌ಲೂಮಿನ ಎದುರು ಕೂಲಿ ಇಳಿಯುತ್ತ ಇಳಿಯುತ್ತ ಹಸಿವಿಗೆ ಬಿದ್ದದ್ದನ್ನು ಓದುವಾಗ ನನಗೆ ಗದಗ–ಬೆಟಗೇರಿಯ, ರಬಕವಿ–ಬನಹಟ್ಟಿಯ ಮಗ್ಗದ ಮನೆಗಳು ನೆನಪಾದವು. ಮ್ಯಾಂಚೆಸ್ಟರಿನ ಬಟ್ಟೆ ಬಂದು ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆಯಿತು ಎಂದು ಹೈಸ್ಕೂಲಿನಿಂದಲೂ ಕೇಳಿದ್ದೆವು. ಆ ಬಟ್ಟೆ ಮೊದಲು ಹೊಡೆದದ್ದು ಮ್ಯಾಂಚೆಸ್ಟರಿನ ಸುತ್ತಲಿನ ನೇಕಾರರನ್ನೇ ಎಂದು ನಮಗೆ ಯಾರೂ ಹೇಳಿರಲಿಲ್ಲ. ಇಂಗ್ಲೆಂಡು ಎಂಬ ಒಂದೇ ದೇಶದಲ್ಲಿ ಎರಡು ದೇಶಗಳಿದ್ದವು. ಕಂಪನಿಯ ಷೇರು ಹಿಡಿದವರು, ಹಳ್ಳಿಯ ಸಾಮೂಹಿಕ ಗೋಮಾಳಗಳಿಗೆ ಪಾರ್ಲಿಮೆಂಟಿನಲ್ಲಿ ಕಾಯಿದೆ ಮಾಡಿಸಿ ಬೇಲಿ ಹಾಕಿಸಿದವರು ಒಂದು ಕಡೆ. ಬೇಲಿಯ ಹೊರಗುಳಿದು ಗಿರಣಿ ಸೇರಿದವರು ಇನ್ನೊಂದು ಕಡೆ. 1838ರಲ್ಲಿ ಚಾರ್ಟಿಸ್ಟರು ಆರು ಬೇಡಿಕೆ ಇಟ್ಟು ಲಕ್ಷಗಟ್ಟಲೆ ಸಹಿ ಸಂಗ್ರಹಿಸಿದಾಗ ಪಾರ್ಲಿಮೆಂಟು ತಿರುಗಿಯೂ ನೋಡಲಿಲ್ಲ. ವರ್ಷವರ್ಷವೂ ಚುನಾವಣೆ ನಡೆಯಬೇಕೆಂಬ ಒಂದನ್ನು ಬಿಟ್ಟು ಉಳಿದ ಐದೂ ಮುಂದೆ ಕಾನೂನಾದವು.

*

ಅಮೆರಿಕದ ಪೇಪರು ತೆಗೆದುಕೊಳ್ಳುತ್ತಿದ್ದ ಸರ್ ನೋಟ್ಸು ಬರೆಸುತ್ತಿರಲಿಲ್ಲ. ಕ್ಲಾಸಿಗೆ ಬಂದವರೇ ಗೋಡೆಗೆ ಜಗತ್ತಿನ ನಕಾಶೆ ತೂಗುಹಾಕಿ ಬೆತ್ತ ಹಿಡಿಯುತ್ತಿದ್ದರು. ಬಾಸ್ಟನ್ ಟೀ ಪಾರ್ಟಿಯ ದಿನ ಅವರ ಬೆತ್ತ ಬಾಸ್ಟನ್ನಿನ ಮೇಲೆ ನಿಲ್ಲದೆ ಸೀದಾ ಬಂಗಾಳಕ್ಕೆ ಬಂತು. “1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಬಿತ್ತು, ಅದು ನಿಮಗೆ ಗೊತ್ತದ. ಆ ಚಹಾ ಯಾರ್ದು?” ಕೇಳಿದರು. ಚೀನಾದಲ್ಲಿ ಬೆಳೆದದ್ದು, ಮಾಲು ಈಸ್ಟ್ ಇಂಡಿಯಾ ಕಂಪನಿಯದು. 1765ರಲ್ಲಿ ಬಂಗಾಳದ ದಿವಾನಿ ಸಿಕ್ಕಿದ ಕಂಪನಿ 1770ರ ಬರದಲ್ಲಿ ಜನ ಲಕ್ಷಗಟ್ಟಲೆ ಸಾಯುತ್ತಿದ್ದಾಗಲೂ ಕಂದಾಯ ಬಿಡಲಿಲ್ಲ. ಆದರೂ ಎರಡು ವರ್ಷದಲ್ಲಿ ದಿವಾಳಿಯ ಅಂಚಿಗೆ ಬಂತು. ಅದನ್ನು ಉಳಿಸಲು ಲಂಡನ್ನು ಮಾಡಿದ ಉಪಾಯಗಳಲ್ಲಿ ಒಂದು, ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದ ವಸಾಹತುಗಳಿಗೆ ಅಗ್ಗದಲ್ಲಿ ತಳ್ಳುವುದು. ಆ ಚಹಾದ ಜೊತೆ ತೆರಿಗೆಯೂ ಹೋಯಿತು, ಬಾಸ್ಟನ್ನಿನವರು ಕೆರಳಿದರು. ಬಂಗಾಳದ ಬರ ಮೂರನೆಯ ಪೇಪರಿನಲ್ಲಿತ್ತು, ಚಹಾ ಐದನೆಯ ಪೇಪರಿನಲ್ಲಿ. ಎರಡರ ನಡುವೆ ಗೋಡೆ ಕಟ್ಟಿದ್ದು ನಮ್ಮ ಸಿಲೆಬಸ್ಸುಗಳು.

ಆ ಗೋಡೆಗಳನ್ನೆಲ್ಲ ದಾಟಿ ಓಡಾಡಿದ ಮನುಷ್ಯ ಒಬ್ಬನಿದ್ದ: ಲಾರ್ಡ್ ಕಾರ್ನ್‌ವಾಲಿಸ್. ಅಮೆರಿಕದ ಪೇಪರಿನಲ್ಲಿ ಅವನು 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ ಮತ್ತು ಫ್ರೆಂಚರ ಸೈನ್ಯಕ್ಕೆ ಶರಣಾದ ಸೋತ ಸೇನಾನಿ. ಭಾರತದ ಪೇಪರಿನಲ್ಲಿ ಅವನು 1786ರಲ್ಲಿ ಬಂದ ಗವರ್ನರ್ ಜನರಲ್, 1793ರ ಕಾಯಂ ಜಮೀನ್ದಾರಿ ಪದ್ಧತಿಯ ಕರ್ತೃ. ಕರ್ನಾಟಕದ ಪೇಪರಿನಲ್ಲಿ ಮೂರನೆಯ ಮೈಸೂರು ಯುದ್ಧದ ನಾಯಕ. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದವನು, 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಟಿಪ್ಪುವಿನಿಂದ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು. ಐರ್ಲೆಂಡಿನ ಅಧ್ಯಾಯದಲ್ಲಿ 1798ರ ಬಂಡಾಯ ಅಡಗಿಸಲು ಹೋದ ವೈಸರಾಯ್. 1800ರ ಕಾಯಿದೆಯಲ್ಲಿ ಐರ್ಲೆಂಡನ್ನು ಬ್ರಿಟನ್ನಿಗೆ ಸೇರಿಸುವವರೆಗೂ ಅಲ್ಲಿಯೇ ಕೂತಿದ್ದವನು. ಕೊನೆಗೆ 1805ರಲ್ಲಿ ಎರಡನೆಯ ಸಲ ಭಾರತಕ್ಕೆ ಬಂದು ಘಾಜೀಪುರದಲ್ಲಿ ಸತ್ತ. ನಾಲ್ಕು ಕಡೆ ನಾಲ್ಕು ಪ್ರಶ್ನೆಯಾಗಿ ಬರುತ್ತಿದ್ದವನು ಒಬ್ಬನೇ ಎಂಬುದು ನಮಗೆ ಹೊಳೆದದ್ದು ಒಂದು ರಾತ್ರಿ ಹಾಸ್ಟೆಲಿನಲ್ಲಿ ನೋಟ್ಸುಗಳನ್ನು ಹರವಿಕೊಂಡು ಕೂತಾಗ.

ಸರ್‌ಗೆ ಹೇಳಿದರೆ ನಕ್ಕರು. “ತಮ್ಮಾ, ನೀ ದಿನಾ ಸಂಜಿಮುಂದ ಅಡ್ಡಾಡತೀಯಲ್ಲ, ಆ ಕಿಲ್ಲೇದ ಬಾಗಲಾ, ಅದೂ ಅವನ ಯುದ್ಧದಾಗ ಬಿತ್ತು” ಎಂದರು. ನಿಜ. ಅದೇ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ, ಜೊತೆಗೆ ಇಂಗ್ಲಿಷರ ಒಂದು ತುಕಡಿ 1790ರ ಸೆಪ್ಟೆಂಬರಿನಿಂದ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ಕೂತಿತ್ತು. ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಆರೇಳು ತಿಂಗಳು ಹಿಡಿದು ನಿಂತು 1791ರ ಏಪ್ರಿಲಿನಲ್ಲಿ ಕೋಟೆ ಬಿಟ್ಟುಕೊಟ್ಟ. ಯಾರ್ಕ್‌ಟೌನಿನ ಸೋಲಿಗೂ ಧಾರವಾಡದ ಕೋಟೆಗೂ ನಡುವೆ ಹತ್ತು ವರ್ಷವೂ ತುಂಬಿರಲಿಲ್ಲ.

ಇದಕ್ಕೆ ಎದುರಾದ ದಿಕ್ಕಿನ ಕತೆಯೂ ಒಂದಿದೆ. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಸಣ್ಣ ಯುದ್ಧನೌಕೆ ತನಗಿಂತ ಹೆಚ್ಚು ತೋಪುಗಳಿದ್ದ ಬ್ರಿಟಿಷ್ ನೌಕೆ ‘ಜನರಲ್ ಮಂಕ್’ ಅನ್ನು ಸೆರೆ ಹಿಡಿಯಿತು. ಕ್ಯಾಪ್ಟನ್ ಜಾಶುವಾ ಬಾರ್ನಿ. ನೌಕೆಯ ಹೆಸರು ‘ಹೈದರ್ ಅಲಿ’. ಬ್ರಿಟಿಷರಿಗೆ ಪೊಳ್ಳಿಲೂರಿನಲ್ಲಿ ಮಣ್ಣು ಮುಕ್ಕಿಸಿದ ಮೈಸೂರಿನ ನವಾಬನ ಹೆಸರು ಫಿಲಡೆಲ್ಫಿಯಾದ ಬಂದರಿನವರೆಗೂ ಹೋಗಿತ್ತು. ಫಿಲಿಪ್ ಫ್ರೆನೋ ಎಂಬ ಅಮೆರಿಕನ್ ಕವಿ ಆ ಹಡಗಿನ ಮೇಲೆ ಪದ್ಯವನ್ನೂ ಬರೆದ. ಹೈದರ್ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ.

*

ಆದರೆ ನನ್ನ ಓದು ನಿಜವಾಗಿ ತಿರುವು ತೆಗೆದುಕೊಂಡದ್ದು ಅಮೆರಿಕದ ಅಂತರ್ಯುದ್ಧದ ಅಧ್ಯಾಯದಲ್ಲಿ. 1861ರ ಏಪ್ರಿಲಿನಲ್ಲಿ ಸಮ್ಟರ್ ಕೋಟೆಯ ಮೇಲೆ ಮೊದಲ ಗುಂಡು ಬಿದ್ದದ್ದು, ಲಿಂಕನ್ನನ ನೌಕಾಪಡೆ ದಕ್ಷಿಣದ ಬಂದರುಗಳಿಗೆಲ್ಲ ದಿಗ್ಬಂಧನ ಹಾಕಿದ್ದು. ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಬರುತ್ತಿದ್ದದ್ದು ಆ ಬಂದರುಗಳಿಂದ, ಗುಲಾಮರು ಬಿಡಿಸಿದ ಹತ್ತಿಯಾಗಿ. ಅದು ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ಮುಚ್ಚಿದವು. ಪುಸ್ತಕದಲ್ಲಿ ಮುಂದಿನ ಸಾಲು, “ಆಗ ಬ್ರಿಟನ್ ಭಾರತ ಮತ್ತು ಈಜಿಪ್ಟಿನ ಹತ್ತಿಯ ಕಡೆ ತಿರುಗಿತು” ಎಂಬಷ್ಟೇ ಇತ್ತು. ಆ ಒಂದು ಸಾಲಿನಲ್ಲಿ ನಮ್ಮ ಇಡೀ ಸೀಮೆ ಅಡಗಿದೆ ಎಂದು ತಿಳಿಯಲು ನಾನು 1884ರ ಧಾರವಾಡ ಜಿಲ್ಲೆಯ ಗ್ಯಾಝೆಟಿಯರ್ ತೆರೆಯಬೇಕಾಯಿತು. ಅಂಚು ಮುರಿಯುತ್ತಿದ್ದ ಹಾಳೆಗಳ ಆ ಪುಸ್ತಕದಲ್ಲಿ ದೇವಸ್ಥಾನಗಳ ವರ್ಣನೆಗಿಂತ ಹತ್ತಿಯ ಮೇಲಿನ ಬರಹವೇ ನನ್ನನ್ನು ಹಿಡಿದು ಕೂರಿಸಿತು.

ಕತೆ ಹೀಗೆ. 1840ರ ದಶಕದಲ್ಲೇ ಸರ್ಕಾರದವರು ನ್ಯೂ ಆರ್ಲಿಯನ್ಸಿನ ಹತ್ತಿ ಬೀಜ ತರಿಸಿ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಯಲ್ಲಿ ಬಿತ್ತಿಸಿದ್ದರು. ಭಾರತದ ಬೇರೆ ಎಷ್ಟೋ ಕಡೆ ಅದು ಕೈಕೊಟ್ಟಿತು, ನಮ್ಮಲ್ಲಿ ಹತ್ತಿತು. ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನಿಂದ ಲಿವರ್‌ಪೂಲಿನ ಪೇಟೆಯಲ್ಲಿ ಅದರ ರೇಟು ಕೂಗುತ್ತಿದ್ದರು. ನಮ್ಮ ನಾಡಹತ್ತಿಗೆ ಅಲ್ಲಿನ ಹೆಸರು ‘ಕುಮಟಾ’. ಬೆಳೆದದ್ದು ಇಲ್ಲಿಯಾದರೂ ಹಡಗು ಹತ್ತುತ್ತಿದ್ದದ್ದು ಕುಮಟೆಯಲ್ಲಿ. ಹುಬ್ಬಳ್ಳಿಯ ತನಕ ರೈಲು ಇನ್ನೂ ಬಂದಿರಲಿಲ್ಲ. ಚಕ್ಕಡಿಗಳು, ಹೇರೆತ್ತುಗಳು ಅಂಡಿಗೆ ಹೊತ್ತು ಘಟ್ಟ ಇಳಿಯುತ್ತಿದ್ದವು. ಇಷ್ಟು ಹತ್ತಿಗೆ ಕುಮಟಾ ಸಾಲದು, ಕಾರವಾರದಲ್ಲಿ ದೊಡ್ಡ ಬಂದರು ಬೇಕು ಎಂದು ಮ್ಯಾಂಚೆಸ್ಟರಿನ ವ್ಯಾಪಾರಸ್ಥರು ಗದ್ದಲ ಹಚ್ಚಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಾಯ ದೊಡ್ಡದಿತ್ತು. ಕನ್ನಡ ಕರಾವಳಿ ಎರಡು ಪ್ರಾಂತಗಳಲ್ಲಿ ಹಂಚಿಹೋಗಿ, 1956ರ ತನಕ ಹಾಗೇ ಉಳಿಯಿತು. ಏಕೀಕರಣದ ಚರಿತ್ರೆ ಓದುವಾಗ ಅಟ್ಲಾಂಟಿಕ್ ಆಚೆಯ ಒಂದು ದಿಗ್ಬಂಧನವೂ ಅದರೊಳಗೆ ಇದೆಯೆಂದು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹತ್ತಿಯ ದರ ಮೂರು ಪಟ್ಟು, ನಾಲ್ಕು ಪಟ್ಟು ಏರಿತು. ಮುಂಬಯಿಯಲ್ಲಿ ಷೇರಿನ ಹುಚ್ಚು ಹಿಡಿಯಿತು. ಹಳ್ಳಿಗಳಲ್ಲಿ ತೂಕ ಹೆಚ್ಚಿಸಲು ಅರಳೆಗೆ ಬೀಜ, ಮಣ್ಣು ಬೆರೆಸುವುದು ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಮೋಸ ತಡೆಯಲೆಂದೇ ಕಾಯಿದೆ ತಂದಿತು. 1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾನಿ ಜನರಲ್ ಲೀ ಶರಣಾದ. ಅಮೆರಿಕದ ಹತ್ತಿ ಮತ್ತೆ ಲಿವರ್‌ಪೂಲಿಗೆ ಬರುತ್ತದೆ ಎಂಬ ಸುದ್ದಿಗೇ ದರ ಉರುಳಿತು. ಮುಂಬಯಿಯ ಬ್ಯಾಂಕುಗಳು ಮುಳುಗಿದವು. ಊರೂರಿನಲ್ಲಿ ಸಾಲ ಉಳಿಯಿತು.

ಇದನ್ನು ಊರಲ್ಲಿ ಹೇಳಿದಾಗ ಅಜ್ಜ ಹುಬ್ಬು ಏರಿಸಿದ. ಅಜ್ಜನಿಗೆ ಆಗ ಎಂಬತ್ತು ದಾಟಿತ್ತು. “ನಮ್ಮ ಮುತ್ಯಾನ ಕಾಲಕ್ಕ ಅರಳಿಗೆ ಬೆಳ್ಳಿ ರೇಟ್ ಬಂದಿತ್ತಂತ. ಈ ಪಡಸಾಲಿ ಕಂಬಾ ಆ ರೊಕ್ಕದಾಗ ನಿಲ್ಲಿಸ್ಯಾರ. ಆಮ್ಯಾಲ ಒಮ್ಮಿಂದೊಮ್ಮೆ ಬಿದ್ದು, ಕೆಳಗಿನ ಪಟ್ಟಿ ಹೊಲಾ ಸಾವಕಾರಗ ಹೋತು” ಎಂದ. ಯಾಕೆ ಏರಿತು, ಯಾಕೆ ಬಿತ್ತು ಎನ್ನುವುದು ನಮ್ಮ ಮನೆಯಲ್ಲಿ ಮೂರು ತಲೆಮಾರು ಯಾರಿಗೂ ಗೊತ್ತಿರಲಿಲ್ಲ. ದೈವ ಎಂದುಕೊಂಡಿದ್ದರು. ಅಪ್ಪ ಅಲ್ಲೇ ಕೂತು ಕೇಳುತ್ತಿದ್ದ. “ಅಂದ್ರ ನಮ್ಮ ಹೊಲಾ ಹೋಗಿದ್ದು ಅಮೇರಿಕಾದಾಗ ಜಗಳ ಮುಗದದ್ದಕ್ಕ ಅನ್ನು” ಎಂದ. ಆಮೇಲೆ ಇತಿಹಾಸದ ಓದಿನ ಬಗ್ಗೆ ಅವನು ಏನೂ ಕೇಳಲಿಲ್ಲ.

ಈ ಕತೆಯನ್ನು ನಾನು ಹೆಮ್ಮೆಯಿಂದ ಹಾಸ್ಟೆಲಿನಲ್ಲೂ ಹೇಳಿದೆ. ನನ್ನ ಕೋಣೆಯ ಗೆಳೆಯ ಒಬ್ಬ, ದಲಿತ ಕೇರಿಯಿಂದ ಬಂದವನು, ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ: “ನಿಮ್ಮ ಹೊಲದಾಗ ಹತ್ತಿ ಬಿಡಸಾಕ ಯಾರ್ ಬರ್ತಿದ್ರು?” ಬರುತ್ತಿದ್ದದ್ದು ಅವನ ಅವ್ವನಂಥವರು. ಅವನು ಆ ವಾರ ಜ್ಯೋತಿಬಾ ಫುಲೆಯವರ ‘ಗುಲಾಮಗಿರಿ’ಯ ಬಗ್ಗೆ ಓದಿಕೊಂಡಿದ್ದ. 1873ರಲ್ಲಿ ಪ್ರಕಟವಾದ ಆ ಮರಾಠಿ ಪುಸ್ತಕವನ್ನು ಫುಲೆ, ನೀಗ್ರೋ ಗುಲಾಮರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ಅದೇ ಯುದ್ಧ, ಅದೇ ಮುಂಬಯಿ ಪ್ರಾಂತ. ಹೊಲ ಇದ್ದವರು ಅದರಲ್ಲಿ ದರ ಕಂಡರು, ಪುಣೆಯ ಫುಲೆ ಅದರಲ್ಲಿ ಬಿಡುಗಡೆ ಕಂಡರು. 1860ರ ಹೊತ್ತಿಗೆ ಅಮೆರಿಕದಲ್ಲಿ ಹತ್ತಿರ ಹತ್ತಿರ ನಲವತ್ತು ಲಕ್ಷ ಗುಲಾಮರಿದ್ದರು. ಅವರ ಬೆವರಿನ ಹತ್ತಿ ನಿಂತದ್ದರಿಂದ ನಮ್ಮ ಪಡಸಾಲೆಗೆ ಕಂಬ ಬಂತು ಎಂಬುದನ್ನೂ ಸೇರಿಸಿಯೇ ಆ ಕತೆ ಹೇಳಬೇಕೆಂದು ಆ ಗೆಳೆಯನಿಂದ ಕಲಿತೆ. ಅದೇ ಅಧ್ಯಾಯದಲ್ಲಿ ಇನ್ನೂ ಒಂದು ಸಂಗತಿ ಇತ್ತು. 1862ರ ಡಿಸೆಂಬರ್ 31ರಂದು, ಹತ್ತಿಯಿಲ್ಲದೆ ಕೂಲಿ ಕಳಕೊಂಡ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ ಗುಲಾಮಗಿರಿಯ ವಿರುದ್ಧದ ಹೋರಾಟಕ್ಕೆ ಬೆಂಬಲವಾಗಿ ಲಿಂಕನ್ನನಿಗೆ ಪತ್ರ ಬರೆದರು. ಲಿಂಕನ್ ಜನವರಿ 19ರಂದು ಉತ್ತರ ಬರೆದ. ಹೊಟ್ಟೆಗಿಲ್ಲದಾಗಲೂ ಹಾಗೆ ಬರೆಯಬಲ್ಲವರಿದ್ದರು.

*

ಐರ್ಲೆಂಡಿನ ಅಧ್ಯಾಯ ಸಣ್ಣದು, ಆದರೆ ಹೆಚ್ಚು ಕಲಕಿದ್ದು ಅದು. 1845ರಿಂದ ಬಟಾಟೆ ಬೆಳೆಗೆ ರೋಗ ಬಿದ್ದು, ಎಂಬತ್ತು ಲಕ್ಷ ಜನರಿದ್ದ ದೇಶದಲ್ಲಿ ಸುಮಾರು ಹತ್ತು ಲಕ್ಷ ಸತ್ತರು, ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ಆ ವರ್ಷಗಳಲ್ಲೂ ಐರ್ಲೆಂಡಿನಿಂದ ಧಾನ್ಯ, ದನ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಲಂಡನ್ನಿನ ಖಜಾನೆಯಲ್ಲಿ ಕೂತು ಬರ ಪರಿಹಾರದ ಹಗ್ಗ ಹಿಡಿದಿದ್ದ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯಾನ್. ಮಾರುಕಟ್ಟೆಯಲ್ಲಿ ಸರ್ಕಾರ ಕೈಹಾಕಬಾರದು, ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಅವನ ನಂಬಿಕೆ. ಈ ಹೆಸರನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಹುಡುಕಿದರೆ, ಕಲ್ಕತ್ತೆಯಲ್ಲಿ ಕಂಪನಿಯ ನೌಕರನಾಗಿ ಮೆಕಾಲೆಯ ತಂಗಿಯನ್ನು ಮದುವೆಯಾದವನು. ಮುಂದೆ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದವನೂ ಅವನೇ. ನಾವು ಡಿಕ್ಷನರಿ ಹಿಡಿದು ಓದುತ್ತಿದ್ದ ಇತಿಹಾಸಕಾರ ಜಿ.ಎಂ. ಟ್ರೆವೆಲ್ಯಾನ್ ಅವನ ಮೊಮ್ಮಗ. ಮೊಮ್ಮಗನ ಕಣ್ಣಿನಿಂದಲೇ ಅಜ್ಜನ ಕಾಲವನ್ನು ನೋಡುತ್ತಿದ್ದೆವೆಂದು ಗೊತ್ತಾದಮೇಲೆ ಯಾವ ಪುಸ್ತಕ ತೆಗೆದರೂ ಬರೆದವನು ಯಾರ ಮನೆಯವನು ಎಂದು ನೋಡುವ ರೂಢಿ ಬಿತ್ತು. ಇತಿಹಾಸ ವಿಭಾಗದಲ್ಲಿ ಕಲಿತ ವಿಧಾನಶಾಸ್ತ್ರ ನನ್ನ ಪಾಲಿಗೆ ಅದೊಂದೇ.

ಮೂವತ್ತು ವರ್ಷದ ನಂತರ, 1876ರಿಂದ 78ರ ತನಕದ ಬರದಲ್ಲಿ, ಅದೇ ನಂಬಿಕೆ ನಮ್ಮ ಮೇಲೆ ಪ್ರಯೋಗವಾಯಿತು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ, ಐದರಲ್ಲಿ ಒಬ್ಬರು, ಇಲ್ಲವಾದರು. ನಮ್ಮ ಕಡೆ ವಿಜಾಪುರ, ಧಾರವಾಡ, ಬಳ್ಳಾರಿ ಸೀಮೆ ಬೆಂದುಹೋಯಿತು. ಬರದ ಉಸ್ತುವಾರಿಗೆ ಸರ್ಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಪುಡಿಗಾಸಿನಷ್ಟು ಕೂಲಿ ಸಾಕೆಂದು ಗೊತ್ತುಮಾಡಿದ. ಅದೇ ಹೊತ್ತಿಗೆ, 1877ರ ಜನವರಿ 1ರಂದು, ದಿಲ್ಲಿಯಲ್ಲಿ ವೈಸರಾಯ್ ಲಿಟನ್ನನ ದರ್ಬಾರು. ಬಂದರುಗಳಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಐರ್ಲೆಂಡಿನ ಅಧ್ಯಾಯ ಓದದಿದ್ದರೆ ಇದು ಒಬ್ಬ ಕೆಟ್ಟ ಅಧಿಕಾರಿಯ ಕೆಲಸ ಎಂದುಕೊಳ್ಳುತ್ತಿದ್ದೆ. ಎರಡನ್ನೂ ಒಟ್ಟಿಗೆ ಓದಿದಾಗ ಅದೊಂದು ಸಿದ್ಧಾಂತ ಎಂದು ತಿಳಿಯಿತು. ಬಿಳಿಯರಾದ, ಕ್ರೈಸ್ತರಾದ, ಪಕ್ಕದ ದ್ವೀಪದವರಾದ ಜನರ ಮೇಲೂ ಅವರು ಅದನ್ನು ಮೊದಲು ನಡೆಸಿ ನೋಡಿದ್ದರು.

ಕೆನಡಾ, ಆಸ್ಟ್ರೇಲಿಯಾಗಳನ್ನು ಪರೀಕ್ಷೆಗೆ ಮುಂಚಿನ ವಾರದಲ್ಲಿ ಮುಗಿಸಿದೆವು. ಅಮೆರಿಕ ಕೈಬಿಟ್ಟಮೇಲೆ ಕೈದಿಗಳನ್ನು ಎಲ್ಲಿಗೆ ಸಾಗಿಸುವುದೆಂದು ತಿಳಿಯದೆ ಲಂಡನ್ನು ಕಳಿಸಿದ ಹನ್ನೊಂದು ಹಡಗುಗಳು 1788ರಲ್ಲಿ ಸಿಡ್ನಿ ಮುಟ್ಟಿದವು. 1810ರಲ್ಲಿ ಅಲ್ಲಿ ಗವರ್ನರ್ ಆದ ಲ್ಯಾಕ್ಲನ್ ಮ್ಯಾಕ್ವೊರಿ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಅಲ್ಲಿನ ಲೂಟಿಯ ಪಾಲು ಪಡೆದವನು. 1816ರಲ್ಲಿ ಅಪ್ಪಿನ್ ಎಂಬಲ್ಲಿ ಮೂಲನಿವಾಸಿಗಳ ಕಗ್ಗೊಲೆಗೆ ಕಾರಣವಾದ ಸೈನ್ಯವನ್ನು ಕಳಿಸಿದವನೂ ಅವನೇ. ಆ ಮೂಲನಿವಾಸಿಗಳನ್ನು ಜನಗಣತಿಯಲ್ಲಿ ಪೂರ್ತಿ ಎಣಿಸಲು 1967ರ ಜನಮತಗಣನೆ ಬೇಕಾಯಿತು. 1914ರಲ್ಲಿ ವ್ಯಾಂಕೂವರಿಗೆ ಹೋದ ಕೊಮಾಗಾಟಾ ಮಾರು ಹಡಗಿನ 376 ಭಾರತೀಯರಲ್ಲಿ ಬಹುತೇಕ ಎಲ್ಲರನ್ನೂ ಕೆನಡಾ ವಾಪಸು ಕಳಿಸಿತು. ಆ ಪ್ರಯಾಣಿಕರೂ ಬ್ರಿಟಿಷ್ ಪ್ರಜೆಗಳೇ.

ಇಷ್ಟೆಲ್ಲ ಓದಿದಮೇಲೆ ಆ ದೇಶಗಳ ಮೇಲೆ ಸಿಟ್ಟೊಂದೇ ಉಳಿಯಬೇಕಿತ್ತು. ಹಾಗಾಗಲಿಲ್ಲ. ನಮ್ಮ ಸಂವಿಧಾನ ತೆರೆದರೆ ಈ ಐದೂ ದೇಶಗಳು ಅಲ್ಲಿವೆ. ಪಾರ್ಲಿಮೆಂಟು, ಮಂತ್ರಿಮಂಡಲ ಬ್ರಿಟನ್ನಿನ ರೀತಿಯವು. ಮೂಲಭೂತ ಹಕ್ಕುಗಳ ಕಲ್ಪನೆಗೆ, ನ್ಯಾಯಾಲಯಗಳ ಪರಿಶೀಲನಾಧಿಕಾರಕ್ಕೆ ಅಮೆರಿಕದ ಮಾದರಿ ಇದೆ. ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ಐರ್ಲೆಂಡಿನ 1937ರ ಸಂವಿಧಾನದಿಂದ ತೆಗೆದುಕೊಂಡೆವು. ಉಳಿಕೆ ಅಧಿಕಾರ ಕೇಂದ್ರದ ಕೈಯಲ್ಲಿರುವ ಒಕ್ಕೂಟ ಕೆನಡಾದ್ದು. ಸಮವರ್ತಿ ಪಟ್ಟಿ ಆಸ್ಟ್ರೇಲಿಯಾದ್ದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಓದಿದ ಅಂಬೇಡ್ಕರರಿಗೆ ಏನನ್ನು ತರಬೇಕು, ಏನನ್ನು ಅಲ್ಲೇ ಬಿಟ್ಟುಬರಬೇಕು ಎಂಬುದು ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಗಂಡಸರ ಸಮ ಮತದಾನ ಸಿಗಲು 1928 ಬರಬೇಕಾಯಿತು. ನಮ್ಮ ಸಂವಿಧಾನ ಮೊದಲ ದಿನದಿಂದಲೇ ಎಲ್ಲರಿಗೂ ಕೊಟ್ಟಿತು.

ಮುಂದೆ ಒಂದು ಪದವಿ ಕಾಲೇಜಿನಲ್ಲಿ ಮಾಸ್ತರಾಗಿ ಇದೇ ವಿಷಯಗಳನ್ನು ಕಲಿಸಿದೆ. ಯು.ಪಿ.ಎಸ್.ಸಿ., ಕೆ.ಎ.ಎಸ್. ಬರೆಯುವ ಹುಡುಗರು, “ಸರ್, ಇದರಾಗ ಎಷ್ಟು ಮಾರ್ಕ್ಸ್ ಬರ್ತದ?” ಎಂದು ಕೇಳುತ್ತಿದ್ದರು. ಹೊರದೇಶಕ್ಕೆ ಹೋಗುವವರು ಕಡಿಮೆ ಇದ್ದ ಕಾಲ ಹೋಗಿ, ಪ್ರತಿ ಓಣಿಯಿಂದಲೂ ಒಬ್ಬರು ಡಾಲಸ್ಸಿನಲ್ಲೋ ಮೆಲ್ಬರ್ನಿನಲ್ಲೋ ಇರುವ ಕಾಲ ಬಂತು. ಅಲ್ಲಿಗೆ ಹೋದ ನನ್ನ ವಿದ್ಯಾರ್ಥಿಗಳು ಅಲ್ಲಿನ ಸಂಬಳ, ತೆರಿಗೆ, ಮನೆ ಬಾಡಿಗೆ ಚೆನ್ನಾಗಿ ಬಲ್ಲರು. ತಾವು ಕಾಲಿಟ್ಟ ನೆಲದಲ್ಲಿ ಏನಾಗಿತ್ತು ಎಂಬುದನ್ನು ಬಲ್ಲವರು ವಿರಳ. ಅವರ ನಾಡಿನ ಕತೆ ಅವರದು, ನಮ್ಮದು ನಮ್ಮದು ಎಂದು ಬೇರೆ ಬೇರೆ ಪೇಪರು ಮಾಡಿದ್ದರ ಫಲ ಇದು. ಪರದೇಶದ ಇತಿಹಾಸವನ್ನು ಸಿಲೆಬಸ್ಸಿನಿಂದ ಕಿತ್ತುಹಾಕಬೇಕು ಎನ್ನುವವರನ್ನೂ ಅದನ್ನು ಇಸವಿಗಳ ಪಟ್ಟಿಯಾಗಿಯೇ ಉಳಿಸಿಕೊಳ್ಳಬೇಕು ಎನ್ನುವವರನ್ನೂ ನಾನು ಒಪ್ಪಲಾರೆ. ಮೊದಲಿನವರು ನಮ್ಮ ಚರಿತ್ರೆಯ ಅರ್ಧ ದಾಖಲೆಯನ್ನೇ ಬಿಸಾಡುತ್ತಾರೆ, ಎರಡನೆಯವರು ಅದನ್ನು ತೆರೆಯುವುದೇ ಇಲ್ಲ.

ಈಗಲೂ ಇತಿಹಾಸ ಕಲಿಸುತ್ತಿರುವ ಮಾಸ್ತರರಲ್ಲಿ, ಬಾಯಿಯವರಲ್ಲಿ ನನ್ನದೊಂದು ವಿನಂತಿ. ಇಂಗ್ಲೆಂಡು, ಅಮೆರಿಕ ಶುರುಮಾಡುವ ಮೊದಲು ನಿಮ್ಮ ಜಿಲ್ಲೆಯ ಹಳೆಯ ಗ್ಯಾಝೆಟಿಯರ್ ಕ್ಲಾಸಿಗೆ ತನ್ನಿ. ಬೆಳೆ, ಬರ, ಬಂದರು, ರಸ್ತೆಯ ಅಧ್ಯಾಯಗಳನ್ನು ಹುಡುಗರ ಕೈಯಲ್ಲೇ ಓದಿಸಿ, ಯಾವ ಮಾಲು ಯಾವ ಊರಿಗೆ ಹೋಯಿತೆಂದು ಅವರಿಂದಲೇ ನಕಾಶೆಯಲ್ಲಿ ಗೆರೆ ಎಳೆಸಿ. ಆ ಗೆರೆ ಲಂಡನ್ನಿಗೋ ಲಿವರ್‌ಪೂಲಿಗೋ ತಲುಪಿದ ದಿನ ಪಾಠ ಶುರುಮಾಡಿ.